ಹಾಸು ಉಂಟು, ಹೊಕ್ಕು ಎಲ್ಲಿ

ಟಾಡ್‌ಮರ್ಡನ್ನಿನ ಕಾಲುವೆ. ಜೂನಿನ ಮೊದಲ ಶನಿವಾರ.
ಏಳೆಂಟು ಮಂದಿ, ಮೊಣಕಾಲುದ್ದದ ಬೂಟು, ಕೈಗೊಂದು ಕುಂಟೆ.
ಲಾಕ್ ಗೇಟಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾವಸೆಯನ್ನು
ಎಳೆದೆಳೆದು ದಂಡೆಗೆ ಹಾಕುವುದು.
ಸಂಬಳವಿಲ್ಲ, ಚಹಾ ಉಂಟು.

ನಾನು ಇಲ್ಲಿನ ಶಾಲೆಯ ಲ್ಯಾಬಿನಲ್ಲಿ ಗಾಜು ತೊಳೆಯುವವಳು.
ಹೆಸರು ಗೊತ್ತು: ಸ್ಪೈರೋಗೈರಾ, ಕ್ಲಾಡೋಫೋರಾ.
ಕುಪ್ಪೆಯಲ್ಲಿ ಯಾವುದು ಯಾವುದೆಂದು ಹೇಳಲು ಮಾತ್ರ
ಮೈಕ್ರೋಸ್ಕೋಪು ಬೇಕು.

ಎಡ್ನಾ ಸಟ್‌ಕ್ಲಿಫ್‌ಗೆ ಬೇಡ.
ಎಂಬತ್ತನಾಲ್ಕು ಅವಳಿಗೆ. ಹದಿನೈದಕ್ಕೇ ಹತ್ತಿ ಗಿರಣಿ ಸೇರಿ
ಮಗ್ಗಗಳಿಗೆ ಕಿವಿ ಕೊಟ್ಟವಳು.
ಅವು ತಿರುಗಿ ಕೊಡಲಿಲ್ಲ.
ತುಟಿ ನೋಡಿ ಮಾತು ಓದುತ್ತಾಳೆ.
ಕುಂಟೆಯ ಹಿಡಿ ಮುರಿದಾಗ ನಾನು ಗೊಣಗಿದ ಕನ್ನಡವನ್ನೂ ಓದಿ
"ಈಗ ಬೈದೆಯಲ್ಲ?" ಎಂದಳು.
ಬೈದಿದ್ದೆ.

ಕುಪ್ಪೆಗೆ ಬೆರಳಿಟ್ಟಳು.
"ರೇಷ್ಮೆ."
ಮೈತುಂಬ ಲೋಳೆ ಬಳಿದುಕೊಂಡದ್ದು, ಹಿಡಿದಷ್ಟೂ ಜಾರಿತು.
"ಇದು ಹತ್ತನೇ ನಂಬರಿನ ಹತ್ತಿ, ಮೇಜೊರಸುವ ಬಟ್ಟೆಗೆ ಆದೀತು."
ಲೋಳೆಯಿಲ್ಲ, ಕವಲು ಕವಲು, ಒರಟು;
ಬಾಡಿಗೆ ಕೊಡದ ಡಯಾಟಮ್ಮುಗಳು
ಗಾಜಿನ ಪೆಟ್ಟಿಗೆ ಸಮೇತ ಬಿಡಾರ ಹೂಡಿದ್ದವು.
ಮೂರನೆಯದನ್ನು ಕೊಡವಿ, ಬೆಳಕಿಗೆ ಹಿಡಿದು, ಸುಮ್ಮನಾದಳು.
"ಇದನ್ನು ಯಾರೋ ನೇಯ್ದಿದ್ದಾರೆ."
ನೀರಬಲೆ. ಐದು ಮೂಲೆ, ಆರು ಮೂಲೆ, ಒಂದೊಂದು ಕಣ್ಣೂ ಗಂಟಿಲ್ಲದೆ ಕೂಡಿದ್ದು.

ಸೋಮವಾರ ಗಾಜಿನಡಿ ಇಟ್ಟು ನೋಡಿದೆ.
ಮೂರೂ ಸರಿ.

ರೇಷ್ಮೆಯನ್ನು ಜ್ಯಾಮಿನ ಜಾಡಿಯಲ್ಲಿ ಅವಳ ಅಡುಗೆಮನೆ ಕಿಟಕಿಗಿಟ್ಟೆವು.
ಬಿಸಿಲೇರಿದರೆ ತಾನೇ ಬಿಟ್ಟ ಉಸಿರಿನ ಗುಳ್ಳೆ ಹಿಡಿದು ಮೇಲೇಳುವುದು,
ಕತ್ತಲಾದರೆ ಗುಳ್ಳೆ ಕಳೆದು ತಳಕ್ಕೆ.
"ಕ್ಲಿಫರ್ಡನ ಹಾಗೆ," ಎಂದಳು, "ಹಾಸಿಗೆ ಬಿಡಲು ಬಿಸಿಲು ಬೇಕು."

ಶಾಲೆಯ ಹಳೇ ಮೈಕ್ರೋಸ್ಕೋಪು ಹೊತ್ತು ತಂದ ದಿನ
ಕನ್ನಡಕ ತೆಗೆದು ಬಹಳ ಹೊತ್ತು ಬಗ್ಗಿದಳು.
ಕೋಣೆಗೆ ಕೋಣೆ ಅಂಟಿದ ಉದ್ದ ನೂಲು,
ಕೋಣೆಕೋಣೆಯಲ್ಲೂ ಸುರುಳಿ ಸುತ್ತಿದ ಹಸಿರು ಪಟ್ಟಿ,
ನಡುವೆ ತೂಗುಹಾಕಿದಂತೆ ಒಂದು ಮಂಕು ಚುಕ್ಕಿ.
"ಎಲ್ಲ ಒಂದೇ ದಿಕ್ಕು. ಬರೀ ಹಾಸು.
ಹೊಕ್ಕು ಎಲ್ಲಿ?"
ನನ್ನಲ್ಲಿ ಉತ್ತರವಿರಲಿಲ್ಲ.

ನೀರಿನ ಸತ್ವ ತೀರುತ್ತ ಬಂದಿತ್ತು. ಜುಲೈ ಮೂರನೇ ವಾರ
ಅವಳೇ ಕರೆಸಿದಳು. ಹಸಿರು ಮಾಸಿದೆ, ಸಾಯುತ್ತಿದೆಯೇನೋ ನೋಡು.
ನೋಡಿದೆ.
ಎರಡು ನೂಲು ಅಕ್ಕಪಕ್ಕ ಮಲಗಿ
ಕೋಣೆಯಿಂದ ಎದುರು ಕೋಣೆಗೆ ಚಾಚಿವೆ ಸಣ್ಣ ಕೊಳವೆ,
ಸಾಲಾಗಿ, ಏಣಿಯ ಮೆಟ್ಟಿಲಂತೆ.
ಒಂದರ ಹಸಿರೆಲ್ಲ ಮುದುಡಿ, ಉಂಡೆಯಾಗಿ,
ಕೊಳವೆ ನುಸುಳಿ ಇನ್ನೊಂದರ ಕೋಣೆಗೆ.
ಲಾಳಿ.
ನಾನು ಹೇಳುವ ಮೊದಲೇ ಅವಳ ಬೆರಳು ಮೇಜಿನ ಮೇಲೆ
ಅತ್ತಿಂದಿತ್ತ ಆಡಿತು.

"ಖಾಲಿಯಾದದ್ದು ಯಾವುದು?"
ಗಾಜಿನಂತೆ ತೆಳ್ಳಗೆ ಉಳಿದ ಬರಿಗೋಣೆಗಳನ್ನು ತೋರಿಸಿದೆ.
"ನಮ್ಮ ಮನೆಯಲ್ಲಿ ನಾನೇ," ನಕ್ಕಳು.
ಕೆಟಲ್ ತುಂಬಿಸಿ ಬಂದು,
"ಅವನನ್ನು ಕೇಳಿದ್ದರೆ, ತಾನು, ಅನ್ನುತ್ತಿದ್ದ."

ಈಗ ಜಾಡಿಯ ತಳದಲ್ಲಿ
ಎಳ್ಳಿಗಿಂತ ಎಷ್ಟೋ ಸಣ್ಣ ಕಂದು ಕಾಳು,
ಮೂರು ಪದರದ ಗೋಡೆ.
ಮಂಜುಗಡ್ಡೆಯಾಗಲಿ, ಒಣಗಲಿ, ಕಾಯುತ್ತವೆ.
ಒಳಗಿರುವುದು ನಾಲ್ಕಾಗುತ್ತದೆ, ಬಾಯಿ ಬಿಡಿಸಿ ಹೇಳಿದೆ,
ಮೂರು ಕರಗುತ್ತವೆ, ಉಳಿದ ಒಂದು ನೂಲಾಗಿ ಹೊರಡುತ್ತದೆ.

ನನ್ನ ತುಟಿಯನ್ನೇ ನೋಡುತ್ತಿದ್ದಳು, ಮಾತು ಮುಗಿದ ಮೇಲೂ.
ಒಂದೇ ಸಾಲಿನ ಮಗ್ಗದಲ್ಲಿದ್ದ ಹುಡುಗಿಯರ ಹೆಸರು ಹೇಳಿದಳು:
ಐವಿ, ಮಾರ್ಜರಿ, ಹೆಟ್ಟಿ.
ಆಮೇಲೆ ಎದ್ದು, ಜಾಡಿಯನ್ನು ಹಿತ್ತಲ ಕಲ್ಲುಗೋಡೆಯ ಮೇಲೆ
ಹಿಮ ಬೀಳುವ ಕಡೆಗಿಟ್ಟು,
"ಮುಚ್ಚಳ ಬಿಗಿಯಬೇಡ," ಎಂದಳು.